ಕೊಲೆಗಾರ ಯಾರೆಂದು ಗೊತ್ತಿದ್ದೂ ಬಾಯಿ ಬಿಡದಿರುವುದು ಹೇಗೆ

ಹೈಸ್ಕೂಲಿನಲ್ಲಿದ್ದಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದಿದ್ದೆ. ದಿನಕ್ಕೆ ಎಂಟಾಣೆ ಬಾಡಿಗೆ. ಮೂರನೇ ಪುಟದಲ್ಲಿ ಊರ ಡಾಕ್ಟರು ಮೊದಲ ಸಲ ಬರುತ್ತಾರೆ. ಅವರ ಹೆಸರಿನ ಕೆಳಗೆ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ಇವನೇ' ಅಂತ ಬರೆದಿದ್ದ.

ಸಿಟ್ಟು ನೆತ್ತಿಗೇರಿತು. ಆದರೂ ಓದಿದೆ, ಎಂಟಾಣೆ ಕೊಟ್ಟಾಗಿತ್ತಲ್ಲ. ಓದುತ್ತಾ ಹೋದಂತೆ ತಮಾಷೆ ಶುರುವಾಯಿತು. ಡಾಕ್ಟರು ಬಾಯಿ ತೆರೆದಾಗಲೆಲ್ಲ ನನಗೆ ಎರಡು ಮಾತು ಕೇಳಿಸುತ್ತಿತ್ತು: ಬೇರೆ ಪಾತ್ರಗಳಿಗೆ ಕೇಳಿಸುವುದು ಒಂದು, ನನಗೊಬ್ಬನಿಗೇ ಕೇಳಿಸುವುದು ಇನ್ನೊಂದು. ಲೇಖಕ ಎಲ್ಲಿ ಏನನ್ನು ಮುಚ್ಚಿಟ್ಟ, ಹೇಗೆ ಕಣ್ಣಿಗೆ ಮಣ್ಣೆರಚಿದ ಎಂಬುದು ಅಂಗೈ ಗೆರೆಯ ಹಾಗೆ ಕಂಡಿತು. ಪತ್ತೇದಾರಿ ಕಥೆಯನ್ನು ಎರಡನೇ ಸಲ ಓದುವ ರುಚಿ ಹತ್ತಿದ್ದು ಹಾಗೆ.

ಈಗ ಮನೆಯಲ್ಲಿ ಹನ್ನೊಂದರ ಮಗಳಿದ್ದಾಳೆ. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟರೆ ತಂಗಿಯ ಎಂಟು ವರ್ಷದ ಮಗನೂ ಬಂದು ಸೇರುತ್ತಾನೆ. ನಾವಿರುವುದು ಕೊಡಗಿನ ನಾಪೋಕ್ಲು ಕಡೆ. ಜೂನ್ ಬಂತೆಂದರೆ ಯಾವ ಮರ ಯಾವ ಲೈನಿನ ಮೇಲೆ ಬಿತ್ತೋ, ಕರೆಂಟ್ ಮೂರು ದಿನ ನಾಪತ್ತೆ. ಆಮೇಲೆ ಟವರ್ ಸಾಯುತ್ತದೆ, ಅದರ ಹಿಂದೆಯೇ ಫೋನೂ. ಮಕ್ಕಳಿಗೆ ಕಥೆ ಓದಿ ಹೇಳಲು ಇದಕ್ಕಿಂತ ಒಳ್ಳೇ ಕಾಲ ಎಲ್ಲಿ ಸಿಗುತ್ತೆ? ಮೂರು ಮಳೆಗಾಲ ಹೀಗೆ ಓದಿ, ಸಾಕಷ್ಟು ಎಡವಿ ಕಲಿತದ್ದನ್ನು ಕೆಳಗೆ ಬರೆದಿದ್ದೇನೆ.

ಮೊದಲು ನೀವೊಬ್ಬರೇ ಓದಿ, ಪೆನ್ಸಿಲ್ ಹಿಡಿದು

ಮಕ್ಕಳ ಮುಂದೆ ಪುಸ್ತಕ ತೆರೆಯುವ ಒಂದು ವಾರ ಮುಂಚೆ ಕಥೆಯನ್ನು ನೀವೇ ಮತ್ತೆ ಓದಿ. 'ನಂಗೆ ಗೊತ್ತಿರೋ ಕಥೆ' ಅಂತ ಈ ಹೆಜ್ಜೆ ಹಾರಿಸಬೇಡಿ. ಕೊಲೆಗಾರ ಯಾರೆಂಬುದು ನೆನಪಿರುತ್ತದೆ, ಸುಳಿವು ಎಲ್ಲಿತ್ತು ಎಂಬುದು ಮರೆತಿರುತ್ತದೆ. ಪುಟದ ಅಂಚಿನಲ್ಲಿ ಎರಡೇ ಗುರುತು ಸಾಕು. ನಿಜವಾದ ಸುಳಿವಿಗೆ ಟಿಕ್, ದಾರಿ ತಪ್ಪಿಸುವ ಮಾತಿಗೆ ಕಾಟು. ತೆಳ್ಳಗೆ ಹಾಕಿ, ಆಮೇಲೆ ಅಳಿಸಬೇಕು. ಆ 'ಇವನೇ' ಪುಣ್ಯಾತ್ಮನ ಸಾಲಿಗೆ ನಾವೂ ಸೇರುವುದು ಬೇಡ.

ಒಂದು ಉದಾಹರಣೆ ಹೇಳುತ್ತೇನೆ. ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಬರೆದ 'ಸಿಲ್ವರ್ ಬ್ಲೇಜ್' ಕಥೆಯಲ್ಲಿ ರೇಸ್ ಕುದುರೆಯೊಂದು ಲಾಯದಿಂದ ಮಾಯವಾಗುತ್ತದೆ. ಅಂದು ರಾತ್ರಿ ಕಾವಲಿಗಿದ್ದ ಹುಡುಗನ ಊಟಕ್ಕೆ ಅಫೀಮು ಬೆರೆಸಲಾಗಿತ್ತು. ಎಲ್ಲರಿಗೂ ನೆನಪಿರುವುದು ರಾತ್ರಿ ಬೊಗಳದ ಆ ನಾಯಿ. ನನಗೆ ಎರಡನೇ ಸಲ ಓದಿದಾಗ ಕಂಡದ್ದು ಊಟ. ಕೆಲಸದ ಹುಡುಗಿ ಲಾಯಕ್ಕೆ ಒಯ್ದದ್ದು ಮಸಾಲೆ ಹಾಕಿದ ಕುರಿಮಾಂಸದ ಕರಿ. ಇದು ಕಥೆಯ ಮೊದಲ ಕೆಲವು ಪುಟಗಳಲ್ಲೇ, ಪತ್ತೇದಾರ ಷರ್ಲಾಕ್ ಹೋಮ್ಸ್ ರೈಲಿನಲ್ಲಿ ಕೂತು ಗೆಳೆಯ ವಾಟ್ಸನ್‌ಗೆ ವಿಷಯ ವಿವರಿಸುವಾಗಲೇ ಬಂದು ಹೋಗುತ್ತದೆ. ಯಾರೂ ಗಮನಿಸುವುದಿಲ್ಲ, ಊಟ ಅಂದ್ರೆ ಊಟ ಅಷ್ಟೇ ಅಲ್ವಾ? ಆದರೆ ಅಫೀಮಿಗೆ ರುಚಿ ಇದೆ. ಸಪ್ಪೆ ಅಡುಗೆಯಲ್ಲಿ ಅದು ನಾಲಿಗೆಗೆ ಸಿಕ್ಕಿಬೀಳುತ್ತದೆ, ಖಾರದ ಕರಿಯಲ್ಲಿ ಮುಚ್ಚಿಹೋಗುತ್ತದೆ. ಹಾಗಾದರೆ ಅಂದು ಕರಿಯನ್ನೇ ಮಾಡಿಸಿದ್ದು ಯಾರು? ಹೊರಗಿನಿಂದ ಬಂದವನಿಗೆ ಮನೆಯ ಅಡುಗೆ ತೀರ್ಮಾನಿಸುವ ಅಧಿಕಾರ ಇರುತ್ತದೆಯೇ? ಮುಂದಿನದನ್ನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇದನ್ನು ಓದಿದ ದಿನ, ಪಂದಿಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿ ಬಿದ್ದರೆ ಅದರಡಿ ಏನೇನು ಮುಚ್ಚಿಹೋಗಬಹುದು ಎಂದು ಒಂದು ಗಂಟೆ ಚರ್ಚೆ ನಡೆಯಿತು. ಅಡುಗೆ ಮಾಡಿದವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಯಾರಿಗೆ ಯಾವ ಕಥೆ

ಆರೇಳು ವರ್ಷದವರಿಗೆ ಹೋಮ್ಸ್ ಬೇಡ. ಅವರಿಗೆ ನಮ್ಮಲ್ಲೇ ಸರಕಿದೆ. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ' ಎಂಬ ಗಾದೆಯನ್ನೇ ತೆಗೆದುಕೊಳ್ಳಿ. ಹೆಗಲನ್ನೇ ಯಾಕೆ ಮುಟ್ಟಿಕೊಂಡ ಅಂತ ಮಕ್ಕಳನ್ನು ಕೇಳಿ. ಆಮೇಲೆ ಒಂದು ಬೂದುಗುಂಬಳ ತಂದು ಹೆಗಲ ಮೇಲೆ ಹೊರಿಸಿ, ಇಳಿಸಿ, ಕನ್ನಡಿ ಮುಂದೆ ನಿಲ್ಲಿಸಿ. ಅಂಗಿಯ ಮೇಲೆ ಬಿಳಿ ಬೂದಿ ಅಂಟಿರುತ್ತದೆ. ಒಂದೇ ಸಾಲಿನ ಗಾದೆಯಲ್ಲಿ ಕಳವು ಇದೆ, ಸಾಕ್ಷಿ ಇದೆ, ಬಲೆ ಇದೆ, ಕಳ್ಳ ತಾನಾಗಿ ಬಂದು ಬೀಳುವುದೂ ಇದೆ. ಎಲ್ಲರಿಗೂ ಒಂದೇ ಅಳತೆಯ ಕೋಲು ಕೊಟ್ಟು 'ಕಳ್ಳನ ಕೋಲು ರಾತ್ರಿ ಒಂದು ಅಂಗುಲ ಬೆಳೆಯುತ್ತೆ' ಎಂದು ಹೆದರಿಸುವ ಕಥೆಯೂ ಈ ವಯಸ್ಸಿಗೆ ಸರಿ. ಹೆದರಿದ ಕಳ್ಳ ತನ್ನ ಕೋಲನ್ನು ಒಂದು ಅಂಗುಲ ಕತ್ತರಿಸಿಕೊಂಡು ಬರುತ್ತಾನೆ!

ಎಂಟರಿಂದ ಹತ್ತರವರೆಗೆ ಕೊಲೆ ಇಲ್ಲದ ಕಥೆಗಳು. 'ದಿ ಬ್ಲೂ ಕಾರ್ಬಂಕಲ್' ನನ್ನ ಮೊದಲ ಆಯ್ಕೆ. ಕಳುವಾದ ನೀಲಿ ಹರಳು ಹೆಬ್ಬಾತಿನ ಹೊಟ್ಟೆಯಲ್ಲಿ ಸಿಗುತ್ತದೆ ಎನ್ನುವುದು ಶುರುವಿನಲ್ಲೇ ಗೊತ್ತಾಗುತ್ತದೆ. ಅದು ಅಲ್ಲಿಗೆ ಹೋದದ್ದು ಹೇಗೆ ಎಂಬುದೇ ಕಥೆ. ಕೊನೆಯಲ್ಲಿ ಹೋಮ್ಸ್ ಕಳ್ಳನನ್ನು ಬಿಟ್ಟು ಕಳಿಸುತ್ತಾನೆ. ಸರಿಯೋ ತಪ್ಪೋ ಎಂದು ಕೇಳಿ ನೋಡಿ, ಊಟದ ಹೊತ್ತು ಮೀರುತ್ತದೆ. 'ದಿ ರೆಡ್ ಹೆಡೆಡ್ ಲೀಗ್' ಎರಡನೆಯದು. ಕೆಂಪು ಕೂದಲಿದೆ ಅನ್ನುವ ಒಂದೇ ಕಾರಣಕ್ಕೆ ಒಬ್ಬನಿಗೆ ವಾರಕ್ಕೆ ನಾಲ್ಕು ಪೌಂಡ್ ಸಂಬಳದ ಕೆಲಸ ಸಿಗುತ್ತದೆ. ಕೆಲಸವೇನು? ವಿಶ್ವಕೋಶವನ್ನು ಕೈಯಲ್ಲಿ ನಕಲು ಮಾಡುವುದು! ಇಂಪೊಸಿಷನ್ ಬರೆದ ಯಾವ ಮಗುವಾದರೂ ಇದರಲ್ಲಿ ಏನೋ ಮೋಸ ಇದೆ ಅಂತ ತಕ್ಷಣ ಹೇಳುತ್ತದೆ.

ಸತ್ಯಜಿತ್ ರೇ ಅವರ ಫೆಲೂದಾ ಕಥೆಗಳು ಹತ್ತು ದಾಟಿದವರಿಗೆ ಚೆನ್ನ. 1965ರಲ್ಲಿ 'ಸಂದೇಶ್' ಎಂಬ ಮಕ್ಕಳ ಪತ್ರಿಕೆಗಾಗಿಯೇ ಶುರುವಾದವು. ಕಥೆ ಹೇಳುವ ತೋಪ್ಶೆಯೂ ಹುಡುಗನೇ. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಹುಟ್ಟಿದ್ದು 1932ರಲ್ಲಿ, ಅವನು ಸ್ವಲ್ಪ ದೊಡ್ಡವರ ಮನುಷ್ಯ. 1993ರ ದೂರದರ್ಶನದ ಧಾರಾವಾಹಿ ನೆನಪಿರುವ ಅಪ್ಪ ಅಮ್ಮಂದಿರಿಗೆ ಅವನ ಪರಿಚಯ ಬೇಕಿಲ್ಲ.

ಹನ್ನೆರಡು ಹದಿಮೂರಕ್ಕೆ ಅಗಾಥಾ ಕ್ರಿಸ್ಟಿ. ಕಾದಂಬರಿಗಳಿಗೆ ಕೈ ಹಾಕುವ ಮುಂಚೆ 1932ರ 'ದಿ ಥರ್ಟೀನ್ ಪ್ರಾಬ್ಲಮ್ಸ್' ಓದಿ. ಸಂಜೆ ಹೊತ್ತು ಕೆಲವರು ಕೂತು ಒಬ್ಬೊಬ್ಬರಾಗಿ ಒಂದೊಂದು ಒಗಟಿನ ಘಟನೆ ಹೇಳುತ್ತಾರೆ, ಉಳಿದವರು ಬಿಡಿಸಬೇಕು. ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಾ ಕೂತ ಮಿಸ್ ಮಾರ್ಪಲ್ ಎಲ್ಲವನ್ನೂ ಬಿಡಿಸುತ್ತಾಳೆ. ಹೇಗೆ? ಪ್ರತಿ ಅಪರಾಧಿಯೂ ಅವಳ ಹಳ್ಳಿಯ ಯಾರನ್ನೋ ನೆನಪಿಸುತ್ತಾನೆ. ನಮ್ಮಲ್ಲಿ ಮದುವೆ ಮನೆಯ ಮೂಲೆಯಲ್ಲಿ ಕೂತ ಅಜ್ಜಿಯರು ಮಾಡುವುದೂ ಇದನ್ನೇ, ಪುಸ್ತಕ ಬರೆಯಲಿಲ್ಲ ಅಷ್ಟೆ.

ಎಡ್ಗರ್ ಆಲನ್ ಪೋ 1841ರಲ್ಲಿ ಬರೆದ ಕಥೆಯಿಂದ ಈ ಇಡೀ ಪರಂಪರೆ ಶುರುವಾಯಿತು ಎನ್ನುತ್ತಾರೆ. ಅದರಲ್ಲಿ ರಕ್ತ ಜಾಸ್ತಿ. ಹೈಸ್ಕೂಲಿಗೆ ಬಂದ ಮೇಲೆ ನೋಡಿಕೊಳ್ಳಲಿ.

ಪುಸ್ತಕ ಎಲ್ಲಿಂದ

ಮೊದಲು ಮನೆಯ ಅಟ್ಟ ನೋಡಿ. ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ ನನಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸಿಕ್ಕಿದ, ಅರ್ಧ ಗೆದ್ದಲಿಗೆ, ಅರ್ಧ ನನಗೆ. ಕನ್ನಡದಲ್ಲಿ ಒಂದಿಡೀ ಪೀಳಿಗೆಗೆ ಓದುವ ಚಟ ಹಿಡಿಸಿದವರು ಅವರು. ಅವರ ಸಣ್ಣ ವಾಕ್ಯಗಳು ಇವತ್ತಿಗೂ ಗಟ್ಟಿಯಾಗಿ ಓದಲು ಹಗುರ.

ಆಮೇಲೆ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತಲೂ ಬೋರ್ಡಿದೆ. 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಮಕ್ಕಳನ್ನು ಅಲ್ಲಿ ಸದಸ್ಯರನ್ನಾಗಿ ಮಾಡಿಕೊಳ್ಳುತ್ತಾರೆ. ಮಗುವಿನ ಹೆಸರಿನಲ್ಲೇ ಮಾಡಿಸಿ, ತನ್ನ ಹೆಸರಿಗೆ ತಂದ ಪುಸ್ತಕವನ್ನು ಮಗು ಮಳೆಯಲ್ಲಿ ನೆನೆಸುವುದಿಲ್ಲ. ಎಲ್ಲೇ ತಂದರೂ ಕೊನೆಯ ಹಾಳೆ ಇದೆಯೇ ಅಂತ ಅಲ್ಲೇ ನಿಂತು ನೋಡಿ. ಓದಬೇಡಿ, ಇದೆಯೇ ನೋಡಿ ಅಷ್ಟೆ. ಪತ್ತೇದಾರಿ ಪುಸ್ತಕಗಳಲ್ಲಿ ಮೊದಲು ಹರಿಯುವುದೇ ಅದು.

ಇಂಗ್ಲಿಷ್ ಓದಬಲ್ಲವರಿಗೆ ಹೋಮ್ಸ್ ಪುಕ್ಕಟೆ. ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ನಮ್ಮ ದೇಶದಲ್ಲಿ ಲೇಖಕರು ತೀರಿಹೋಗಿ 60 ವರ್ಷದವರೆಗೆ ಹಕ್ಕು ಇರುತ್ತದೆ, ಅದು ಮುಗಿದು ಎಷ್ಟೋ ಕಾಲವಾಯಿತು, ಹಾಗಾಗಿ ಆ ಕಥೆಗಳು ಈಗ ಎಲ್ಲರವು. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಿಂದ ಇಳಿಸಿಕೊಳ್ಳಬಹುದು. ಟವರ್ ಇದ್ದಾಗಲೇ ಇಳಿಸಿಟ್ಟುಕೊಳ್ಳಿ. ಆ ಮೂಲ ಕಥೆಗಳನ್ನು ನಿಮ್ಮ ಭಾಷೆಯಲ್ಲಿ ಹೇಳಿ, ರೆಕಾರ್ಡ್ ಮಾಡಿ ನೆಂಟರ ಗುಂಪಿಗೆ ಹಾಕಿದರೆ ಯಾರೂ ಕೇಳುವುದಿಲ್ಲ. ಬೇರೆಯವರ ಕನ್ನಡ ಅನುವಾದಕ್ಕೆ ಮಾತ್ರ ಅನುವಾದಕರ ಹಕ್ಕು ಬೇರೆ ಇರುತ್ತದೆ. ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ, ಅವರ ಪುಸ್ತಕಕ್ಕೆ ದುಡ್ಡು ಕೊಡಲೇಬೇಕು.

ಯಾವ ಭಾಷೆಯಲ್ಲಿ, ಹೇಗೆ

ನಮ್ಮ ಮನೆ ಮಾತು ಅರೆಭಾಷೆ. ಕನ್ನಡ ಪುಸ್ತಕವನ್ನು ಕನ್ನಡದಲ್ಲೇ ಓದುತ್ತೇನೆ, ಆದರೆ ಪಾತ್ರಗಳು ಜಗಳ ಆಡುವಾಗ ತಾನಾಗಿ ಅರೆಭಾಷೆಗೆ ಜಾರುತ್ತೇನೆ. ಕೊಡವ ತಕ್ಕ್, ತುಳು, ಮಲಯಾಳ ಯಾವುದೇ ಇರಲಿ, ಸಿಟ್ಟು ಮತ್ತು ಗುಟ್ಟು ಮನೆಮಾತಿನಲ್ಲಿ ಬಂದರೆ ಮಕ್ಕಳು ಹತ್ತಿರ ಸರಿಯುತ್ತಾರೆ.

ಪರದೇಶದ ಹೆಸರುಗಳು ದೊಡ್ಡ ಕಾಟ. ಒಂದು ಹಾಳೆಯಲ್ಲಿ ಹೆಸರು ಬರೆದು ಪಕ್ಕದಲ್ಲಿ ಗುರುತು ಹಾಕಿ: 'ಟೋಪಿ ಕಳಕೊಂಡವನು', 'ಬಾತು ಮಾರುವವನು'. ಹಾಳೆಯನ್ನು ಮಕ್ಕಳ ಮುಂದೆ ಇಟ್ಟುಬಿಡಿ. ಗ್ಯಾಸ್ ದೀಪ, ಬಾಡಿಗೆ ಕುದುರೆ ಗಾಡಿ ಬಂದಾಗ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಲಂಡನ್ ಇತಿಹಾಸ ಪಾಠ ಶುರು ಮಾಡಿದರೆ ಸಣ್ಣವನು ಚಿಮಣಿಯ ಸುತ್ತ ಹಾರುವ ಹಾತೆ ಹಿಡಿಯಲು ಏಳುತ್ತಾನೆ, ಅನುಭವದ ಮಾತು.

ಎಲ್ಲಿ ನಿಲ್ಲಿಸಬೇಕು

ಇದು ಎಲ್ಲಕ್ಕಿಂತ ಮುಖ್ಯ, ಇಲ್ಲಿಯೇ ನಾನು ಜೋರಾಗಿ ಎಡವಿದ್ದು.

'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಮೊದಲು ಬಂದದ್ದೇ ಧಾರಾವಾಹಿಯಾಗಿ, 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ, 1901ರ ಆಗಸ್ಟ್‌ನಿಂದ 1902ರ ಏಪ್ರಿಲ್‌ವರೆಗೆ. ಒಟ್ಟು ಹದಿನೈದು ಅಧ್ಯಾಯ. ರಾತ್ರಿಗೊಂದು ಅಂದರೆ ಹದಿನೈದು ರಾತ್ರಿ, ಒಂದು ಒಳ್ಳೇ ಮಳೆಗೆ ಲೆಕ್ಕ ಸರಿ. ಎರಡನೇ ಅಧ್ಯಾಯದ ಕೊನೆಯಲ್ಲಿ, ಸತ್ತವನ ಬಳಿ ಕಂಡ ಹೆಜ್ಜೆ ಗುರುತು ಒಂದು ಭಾರೀ ಬೇಟೆನಾಯಿಯದು ಎಂದು ಡಾಕ್ಟರು ಹೇಳುತ್ತಾರೆ. ನಾನು ಅಲ್ಲಿಗೆ ಪುಸ್ತಕ ಮುಚ್ಚಿ ದೀಪ ಆರಿಸಿದೆ. ಎಂಥ ನಾಟಕೀಯ ಅಂತ್ಯ ಎಂದು ಬೀಗುತ್ತಿದ್ದೆ. ಹೊರಗೆ ಮಂಜು ಕಿಟಕಿಗೆ ಅಂಟಿತ್ತು. ಅಷ್ಟರಲ್ಲಿ ಪಕ್ಕದ ತೋಟದ ನಾಯಿ ಉದ್ದಕ್ಕೆ ಊಳಿಟ್ಟಿತು. ಎಂಟು ವರ್ಷದವನು ಅಂದಿನಿಂದ ನಾಲ್ಕು ರಾತ್ರಿ ನನ್ನ ಮತ್ತು ಗೋಡೆಯ ನಡುವೆ ಮಲಗಿದ. ಬಚ್ಚಲಿಗೆ ಹೋಗಲು ಇಬ್ಬರ ಕಾವಲು ಬೇಕಾಯಿತು.

ಆಗಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಭಯ ಹುಟ್ಟುವ ಜಾಗ ಬಂದರೆ ಅದನ್ನು ದಾಟಿ ಓದುತ್ತೇನೆ, ಪ್ರಶ್ನೆ ಹುಟ್ಟುವ ಜಾಗ ಬಂದಾಗ ನಿಲ್ಲಿಸುತ್ತೇನೆ. ಹೆಜ್ಜೆ ಗುರುತಿನಿಂದ ಇನ್ನೂ ಒಂದೆರಡು ಪುಟ ಹೋಗಿ. ಹೋಮ್ಸ್ ವಕೀಲನ ಹಾಗೆ ಪಾಟೀ ಸವಾಲು ಶುರು ಮಾಡುತ್ತಾನೆ. ಗುರುತು ದಾರಿಯ ಯಾವ ಕಡೆ ಇತ್ತು? ಗೇಟು ಮುಚ್ಚಿತ್ತೋ ತೆರೆದಿತ್ತೋ? ಆ ಪ್ರಶ್ನೆಗಳ ಮೇಲೆ ಪುಸ್ತಕ ಮುಚ್ಚಿದರೆ ಮಕ್ಕಳು ಲೆಕ್ಕ ಹಾಕುತ್ತಾ ನಿದ್ದೆ ಹೋಗುತ್ತಾರೆ.

ಚೀಟಿ ಡಬ್ಬಿ ಮತ್ತು ನಿಮ್ಮ ಮುಖ

ಉತ್ತರ ಬರುವ ಒಂದು ಅಧ್ಯಾಯ ಮುಂಚೆ ಓದು ನಿಲ್ಲಿಸಿ, ಎಲ್ಲರಿಗೂ ಚೀಟಿ ಕೊಡಿ. ಯಾರು ಮಾಡಿದ್ದು, ಹೇಗೆ, ಯಾವ ಮಾತಿನಿಂದ ಗೊತ್ತಾಯಿತು ಎಂಬ ಮೂರನ್ನೂ ಬರೆಯಬೇಕು. ಮೂರನೆಯದು ಬರೆಯದಿದ್ದರೆ ಚೀಟಿ ರದ್ದು, ಇಲ್ಲದಿದ್ದರೆ ಬರೀ ಊಹೆಯ ಲಾಟರಿ ಆಗುತ್ತದೆ. ಚೀಟಿ ಮಡಚಿ ಬಿಸ್ಕತ್ ಡಬ್ಬಿಗೆ ಹಾಕಿ ಟೇಪ್ ಅಂಟಿಸಿ. ಕನಿಷ್ಠ ಒಂದು ದಿನ ಬಿಡಿ. ಆ ಒಂದು ದಿನದಲ್ಲಿ ಮನೆಯಲ್ಲಿ ನಡೆಯುವ ಗುಸುಗುಸು ಕೇಳಲು ಇಷ್ಟೆಲ್ಲ ಪಾಡುಪಡಬಹುದು.

ಕಷ್ಟ ಇರುವುದು ದೊಡ್ಡವರಿಗೆ. ಮಕ್ಕಳು ಪುಸ್ತಕ ಬಿಟ್ಟು ನಿಮ್ಮ ಮುಖ ಓದುತ್ತಾರೆ. ಒಮ್ಮೆ ಮಗಳು ಪಾತ್ರಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ ನನ್ನನ್ನೇ ದಿಟ್ಟಿಸಿದಳು. ನಾಲ್ಕನೇ ಹೆಸರಿಗೆ ನಾನು ಕಾಫಿ ಲೋಟ ಎತ್ತಿದೆ. ಮುಗಿಯಿತು ಕಥೆ! ಈಗ ಯಾರ ಹೆಸರು ಹೇಳಿದರೂ 'ಇರಬಹುದು' ಅಂತ ಒಂದೇ ರಾಗದಲ್ಲಿ ಹೇಳುತ್ತೇನೆ. ಹತ್ತಿರ ಬಂದಾಗ 'ಆ, ಬಿಸಿ ಬಿಸಿ' ಅನ್ನುವುದು, ದಾರಿ ತಪ್ಪಿದಾಗ ಕೆಮ್ಮುವುದು, ಎರಡೂ ಬೇಡ. ತಪ್ಪು ಉತ್ತರವನ್ನೂ ಮಗು ಪೂರ್ತಿ ನಂಬಲಿ, ಒಂದು ದಿನದ ಮಟ್ಟಿಗೆ. ಆ ಸುಖ ನಮಗೆ ಎರಡನೇ ಓದಿನಲ್ಲಿ ಸಿಗುವುದಿಲ್ಲ, ಅವರದ್ದನ್ನು ಯಾಕೆ ಕಿತ್ತುಕೊಳ್ಳುವುದು?

ಉತ್ತರ ಗೊತ್ತಾದ ಮೇಲೆ ಹಿಂದಕ್ಕೆ

ಹೆಚ್ಚಿನವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ನೀವು ಮೊದಲ ಪುಟಕ್ಕೆ ವಾಪಸ್ ಹೋಗಿ. 'ಇದನ್ನು ನಮಗೆ ಎಲ್ಲಿ ಹೇಳಿದ್ದರು, ಹುಡುಕಿ' ಅನ್ನಿ. ನಿಮ್ಮ ಟಿಕ್ ಗುರುತುಗಳು ಈಗ ಕೆಲಸಕ್ಕೆ ಬರುತ್ತವೆ. ಮಕ್ಕಳು ಆರರಲ್ಲಿ ನಾಲ್ಕು ಹುಡುಕಿದರೆ ಗೆದ್ದ ಹಾಗೆ. ಕೆಲವು ಸಲ ನಾನು ಗುರುತಿಸದ ಒಂದನ್ನು ಅವರೇ ತೋರಿಸುತ್ತಾರೆ.

ಲೇಖಕ ನ್ಯಾಯವಾಗಿ ಆಡಿದನೇ ಎಂದೂ ಕೇಳಬಹುದು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಬರೆಯುತ್ತಿದ್ದವನು, ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಬರೆದ. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಬಂದಿರಬೇಕು. ದೆವ್ವಭೂತದ ಉತ್ತರ ನಡೆಯುವುದಿಲ್ಲ. ರಹಸ್ಯ ಕೋಣೆ ಒಂದಕ್ಕಿಂತ ಜಾಸ್ತಿ ಇರಬಾರದು. ಮಗಳು ಇದನ್ನು ಬರೆದು ಗೋಡೆಗೆ ಅಂಟಿಸಿದ್ದಾಳೆ. ಈಗ ಟಿ.ವಿ. ಧಾರಾವಾಹಿಗಳಿಗೂ ಅದೇ ಅಳತೆಗೋಲು, ಒಂದೂ ಪಾಸಾಗಿಲ್ಲ.

ಲೇಖಕನ ತಪ್ಪು ಹಿಡಿಯಲು ಬಿಡಿ

'ದಿ ಸ್ಪೆಕಲ್ಡ್ ಬ್ಯಾಂಡ್' ಓದದವರು ಈ ಭಾಗ ಬಿಟ್ಟು ಮುಂದೆ ಹೋಗಿ, ಗುಟ್ಟು ಬಿಡುತ್ತಿದ್ದೇನೆ.

ಅದರಲ್ಲಿ ಕೊಲ್ಲುವುದು ಒಂದು ಹಾವು, 'ಭಾರತದ ಅತಿ ವಿಷದ ಹಾವು' ಅಂತೆ. ಅದನ್ನು ಕಬ್ಬಿಣದ ತಿಜೋರಿಯಲ್ಲಿ ಸಾಕಿ, ಬಟ್ಟಲಲ್ಲಿ ಹಾಲಿಟ್ಟು, ಸಿಳ್ಳೆ ಹಾಕಿ ಕರೆಯುತ್ತಾರೆ. ಅದು ಗಂಟೆಯ ಹಗ್ಗದಲ್ಲಿ ಇಳಿಯುತ್ತದೆ, ಹತ್ತುತ್ತದೆ. ಲಂಡನ್ನಿನ ಓದುಗರು ಇದನ್ನು ನಂಬಿದರು. 1927ರಲ್ಲಿ ತನ್ನ ಮೆಚ್ಚಿನ ಹೋಮ್ಸ್ ಕಥೆಗಳನ್ನು ಪಟ್ಟಿ ಮಾಡಿದಾಗ ಡಾಯ್ಲ್ ಇದನ್ನೇ ಮೊದಲು ಇಟ್ಟ. ನಮ್ಮ ಮಕ್ಕಳು ಮಾತ್ರ ಒಂದು ನಿಮಿಷವೂ ನಂಬಲಿಲ್ಲ. ಕಾಫಿ ಗಿಡದ ಕೊಂಬೆಗೆ ಸುತ್ತಿಕೊಂಡ ಗುಳಿಮಂಡಲವನ್ನು ನೋಡಿ ಬೆಳೆದವರಲ್ಲವೇ? 'ಹಾವು ಹಾಲು ಕುಡಿಯಲ್ಲ' ಅಂದ ಸಣ್ಣವನು. 'ಅದಕ್ಕೆ ಹೊರಗಿವಿಯೇ ಇಲ್ಲ, ಸಿಳ್ಳೆ ಹೇಗೆ ಕೇಳ್ತದೆ?' ಅಂದಳು ಮಗಳು. ಹಾವಿಗೆ ನೆಲದ ಅದುರು ಮತ್ತು ಮಂದ್ರದ ಸದ್ದು ಸ್ವಲ್ಪ ತಿಳಿಯುತ್ತದೆ. ಸಿಳ್ಳೆಯಂಥ ಕೀರಲು ಸದ್ದಿಗೆ ಅದು ಕಿವುಡೇ ಅನ್ನಬಹುದು. ಹೆಸರಾಂತ ಲೇಖಕನನ್ನು ನಾಪೋಕ್ಲಿನ ಎರಡು ಮಕ್ಕಳು ಕಟಕಟೆಗೆ ಹತ್ತಿಸಿದ ರಾತ್ರಿ ಅದು. ಕಥೆ ಹಾಳಾಯಿತು ಅಂದುಕೊಂಡೆ. ಮರುದಿನ ಇಬ್ಬರೂ ಅದನ್ನೇ ಮತ್ತೆ ಓದಿಸಿದರು.

ಗಮ್‌ಬೂಟು ಪರೀಕ್ಷೆ

'ಬ್ಲೂ ಕಾರ್ಬಂಕಲ್' ಕಥೆಯಲ್ಲಿ ಹೋಮ್ಸ್ ಒಂದು ಹಳೇ ಟೋಪಿ ನೋಡಿ ಅದರ ಯಜಮಾನನ ಜಾತಕ ಹೇಳುತ್ತಾನೆ. ಟೋಪಿಯ ಮೇಲಿರುವುದು ಬೀದಿಯ ಒರಟು ಬೂದು ಧೂಳಲ್ಲ, ಮನೆಯೊಳಗಿನ ಮೆತ್ತನೆ ಕಂದು ಧೂಳು. ಹಾಗಾದರೆ ಅದು ಹೆಚ್ಚು ಹೊತ್ತು ಮೊಳೆಗೆ ನೇತಾಡಿದೆ. ಐದು ಕಡೆ ಮೇಣದ ಕಲೆ ಇದೆ, ಅಂದರೆ ಮನೆಯಲ್ಲಿ ಗ್ಯಾಸ್ ದೀಪ ಇಲ್ಲ. ತಲೆ ದೊಡ್ಡದು, ಹಾಗಾಗಿ ಬುದ್ಧಿವಂತ ಎಂದೂ ಹೇಳುತ್ತಾನೆ. ಇದು ಬುರುಡೆ, ಮಕ್ಕಳಿಗೆ ಹಾಗೆಂದೇ ಹೇಳಿ.

ನಮ್ಮಲ್ಲಿ ಟೋಪಿಯ ಕೆಲಸವನ್ನು ಗಮ್‌ಬೂಟು ಮಾಡುತ್ತದೆ. ಮಳೆಗಾಲದಲ್ಲಿ ಜಗಲಿಯಲ್ಲಿ ಐದಾರು ಜೊತೆ ಸಾಲಾಗಿ ನಿಂತಿರುತ್ತವಲ್ಲ, ಯಾವುದು ಎಲ್ಲಿ ಹೋಗಿ ಬಂತು ಎಂದು ಕೇಳಿ. ತೋಟದಿಂದ ಬಂದದ್ದಕ್ಕೆ ಕೊಳೆತ ಎಲೆಯ ಚೂರು ಅಂಟಿರುತ್ತದೆ. ಗದ್ದೆಯದ್ದಕ್ಕೆ ನುಣ್ಣನೆ ಕಪ್ಪು ಕೆಸರು ಮೊಣಕಾಲಿನವರೆಗೆ. ರಸ್ತೆ ಬದಿಯದ್ದು ಕೆಂಪು ಮಣ್ಣು. ಬೂಟಿನ ಅಂಚಿನಲ್ಲಿ ಸುಣ್ಣ ಅಥವಾ ಹೊಗೆಸೊಪ್ಪಿನ ಪುಡಿ ಕಂಡರೆ ಜಿಗಣೆಗೆ ಹೆದರುವವರದು. ಬಟ್ಟೆಗೆ ಹಾರಿದ ಕೆಸರಿನ ಬಣ್ಣ ನೋಡಿ ಲಂಡನ್ನಿನ ಯಾವ ಭಾಗದ್ದೆಂದು ಹೋಮ್ಸ್ ಹೇಳುತ್ತಿದ್ದ ಎಂದು 1887ರ ಮೊದಲ ಕಾದಂಬರಿಯಲ್ಲೇ ಬರುತ್ತದೆ. ಅದೇ ಪುಟಗಳಲ್ಲಿ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಅಂತಲೂ ಇದೆ. ಮಕ್ಕಳಿಗೆ ಇದನ್ನು ಹೇಳಿದರೆ ವಿಜ್ಞಾನ ಪರೀಕ್ಷೆಯ ದಿನ ನಿಮಗೆ ತಿರುಗುಬಾಣ.

ಆನೆ ಹೆಜ್ಜೆಯನ್ನೂ ಓದಬಹುದು. ಮುಂಗಾಲಿನ ಗುರುತಿನ ಸುತ್ತಳತೆಯ ಎರಡರಷ್ಟು ಹೆಚ್ಚುಕಡಿಮೆ ಆನೆಯ ಭುಜದ ಎತ್ತರ. ದಾರ ಹಿಡಿದು ಅಳೆಯಿರಿ. ಆದರೆ ಹಳೇ ಗುರುತು ಮಾತ್ರ, ದೊಡ್ಡವರ ಜೊತೆ, ಹಗಲು ಹೊತ್ತು. ಹೆಜ್ಜೆಯಲ್ಲಿ ನೀರು ಇನ್ನೂ ಕದಡಿದ್ದರೆ ಅಳತೆ ಬಿಟ್ಟು ಮನೆಗೆ ಬನ್ನಿ.

ಬೆರಳಚ್ಚಿಗೆ ಪೆನ್ಸಿಲ್ ಸೀಸದ ಪುಡಿ, ಪಾರದರ್ಶಕ ಟೇಪು, ಬಿಳಿ ಹಾಳೆ ಸಾಕು. ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ಕೋಲ್ಕತ್ತಾದಲ್ಲಿ ಶುರುವಾಯಿತು, ಅಚ್ಚುಗಳನ್ನು ವಿಂಗಡಿಸುವ ಲೆಕ್ಕ ಹಾಕಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇದ್ದರು ಎಂದೂ ಹೇಳಿ. ಕಾಣದ ಶಾಯಿಗೆ ನಿಂಬೆರಸ. ಬರೆದು ಒಣಗಿಸಿ, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಅಕ್ಷರ ಕಂದಾಗಿ ಏಳುತ್ತದೆ. ಕಾಚಂಪುಳಿಯಲ್ಲಿ ಬರೆಯಲು ಹೋಗಬೇಡಿ, ಅದು ಮೊದಲೇ ಕಪ್ಪು.

ಇಷ್ಟೆಲ್ಲ ತಯಾರಿ ಮಾಡಿದ ಮೇಲೆ ಮನೆಯಲ್ಲಿ ನಿಜವಾದ ಕೇಸು ತಾನಾಗಿ ಹುಟ್ಟುತ್ತದೆ. ನಮ್ಮಲ್ಲಿ ಹುಟ್ಟಿದ್ದು ಆಟಿ ತಿಂಗಳ ಹದಿನೆಂಟರಂದು, ಕೊಡವರು ಕಕ್ಕಡ ಹದಿನೆಂಟು ಅನ್ನುವ ದಿನ. ಮದ್ದುಸೊಪ್ಪು ಬೇಯಿಸಿ ಆ ನೇರಳೆ ರಸದಲ್ಲಿ ಪಾಯಸ ಮಾಡಿದ್ದೆವು. ತಡವಾಗಿ ಬರುವ ತಂಗಿಗೆಂದು ಒಂದು ಬಟ್ಟಲು ಮುಚ್ಚಿಟ್ಟಿತ್ತು. ರಾತ್ರಿ ನೋಡಿದರೆ ಖಾಲಿ, ತೊಳೆದು ಬೋರಲು ಹಾಕಿದೆ! ಯಾರೂ ಒಪ್ಪಲಿಲ್ಲ. ಸಣ್ಣವನು ಗಂಭೀರವಾಗಿ ಹೇಳಿದ, 'ನಾಳೆ ಬೆಳಿಗ್ಗೆ ಗೊತ್ತಾಗ್ತದೆ.' ಮದ್ದುಸೊಪ್ಪು ತಿಂದರೆ ಮರುದಿನ ಮೂತ್ರಕ್ಕೆ ಕೆಂಪು ಬಣ್ಣ ಬರುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಮಗಳು ನಕ್ಕಳು. ಪಾಯಸ ಎಲ್ಲರೂ ತಿಂದಿದ್ದೇವೆ, ಎಲ್ಲರದೂ ಕೆಂಪೇ, ಅದರಿಂದ ಏನು ಸಾಬೀತಾಗುತ್ತೆ? ಎಲ್ಲರ ಮೇಲೂ ಬೀಳುವ ಸುಳಿವು ಸುಳಿವೇ ಅಲ್ಲ. ವಾದ ಸರಿಯಾಗಿತ್ತು. ಆದರೂ ಸಣ್ಣವನು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕಾದು ಕೂತ. ಅಪ್ಪನಿಗೆ ಸಕ್ಕರೆ ಕಾಯಿಲೆ. ಅವರಿಗೆ ಪಾಯಸ ಬಡಿಸಿರಲಿಲ್ಲ, ಅವರೂ 'ಮುಟ್ಟಿಲ್ಲ' ಅಂದಿದ್ದರು. ಅವರು ಹೊರಬಂದಾಗ ಹುಡುಗ ಒಂದೇ ಮಾತು ಕೇಳಿದ, 'ಅಜ್ಜ, ಕೆಂಪಾ?'

ಅಪ್ಪ ಜೋರಾಗಿ ನಕ್ಕುಬಿಟ್ಟರು. ನಾನು ಆ ಸಂಜೆ ಅವರ ಸಕ್ಕರೆ ಪರೀಕ್ಷೆ ಮಾಡಿಸಿದೆ.

ಅನುಮಾನ ಯಾರ ಮೇಲೆ

ಹಳೇ ಕಥೆಗಳಲ್ಲಿ ಹಳೇ ಕೊಳೆಯೂ ಇದೆ. 1890ರ 'ದಿ ಸೈನ್ ಆಫ್ ಫೋರ್' ಕಾದಂಬರಿಯಲ್ಲಿ ಅಂಡಮಾನಿನ ಮನುಷ್ಯನನ್ನು ಮೃಗದ ಹಾಗೆ ಬಣ್ಣಿಸಿದ್ದಾನೆ ಡಾಯ್ಲ್. 'ಸ್ಪೆಕಲ್ಡ್ ಬ್ಯಾಂಡ್' ಕಥೆಯಲ್ಲಿ ಅನುಮಾನವನ್ನು ಅಲೆಮಾರಿಗಳ ಕಡೆ ತಿರುಗಿಸುತ್ತಾನೆ. ಇಂಥ ಜಾಗವನ್ನು ಹಾರಿಸಿ ಓದಬಹುದು. ನಾನು ಓದಿಯೇ ನಿಲ್ಲಿಸುತ್ತೇನೆ. 'ಇವರ' ಮೇಲೆಯೇ ಅನುಮಾನ ಬರಲು ಕಾರಣವೇನು, ಸಾಕ್ಷಿ ಏನಿದೆ ಎಂದು ಕೇಳುತ್ತೇನೆ.

ಇದು ನಮಗೆ ದೂರದ ಮಾತಲ್ಲ. ಕಣದಲ್ಲಿ ಒಣಗಿಸಿದ ಕಾಳುಮೆಣಸು ಒಂದು ಮೂಟೆ ಕಡಿಮೆಯಾದರೆ ಮೊದಲ ಬೆರಳು ಎತ್ತ ತೋರುತ್ತದೆ? ತೋಟದ ಕೆಲಸಗಾರರಿರುವ ಲೈನ್ ಮನೆ ಕಡೆಗೆ, ಅದರಲ್ಲೂ ದೂರದ ರಾಜ್ಯದಿಂದ ಹೊಸದಾಗಿ ಬಂದವರ ಕಡೆಗೆ. ಒಂದು ವರ್ಷ ನಾವೂ ಹಾಗೇ ಮಾಡಿದೆವು. ಎರಡು ದಿನ ಒಬ್ಬ ಹುಡುಗನನ್ನು ಎಲ್ಲರೂ ಓರೆಗಣ್ಣಿನಲ್ಲಿ ನೋಡಿದ್ದಾಯಿತು. ಮೂರನೇ ದಿನ ಲೆಕ್ಕದ ಪುಸ್ತಕದಲ್ಲಿ ನಾನೇ ಒಂದು ಮೂಟೆ ಎರಡು ಸಲ ಬರೆದದ್ದು ಕಂಡಿತು. ಅವನ ಹತ್ತಿರ ಹೋಗಿ ಹೇಳಿದೆ, ಮಕ್ಕಳ ಎದುರೇ. ಅವನು ಏನೂ ಅನ್ನಲಿಲ್ಲ, ಕತ್ತಿ ಮಸೆಯುವುದನ್ನು ಮುಂದುವರಿಸಿದ. ಈಗ ನಮ್ಮ ಚೀಟಿಯ ಮೂರನೇ ಸಾಲಿನ ಬಗ್ಗೆ ನಾನು ಯಾಕೆ ಅಷ್ಟು ಹಟ ಮಾಡುತ್ತೇನೆ ಎಂದು ಮಗಳಿಗೆ ಗೊತ್ತು.

ಈ ಸಲದ ಮಳೆಗೆ ಬೇಟೆನಾಯಿಯನ್ನು ಮತ್ತೆ ಕೈಗೆತ್ತಿಕೊಂಡಿದ್ದೇವೆ, ಸಣ್ಣವನೇ ಕೇಳಿದ್ದು. ಹನ್ನೊಂದನೇ ಅಧ್ಯಾಯ ಮುಗಿದಿದೆ, ಉತ್ತರ ಬರುವ ಅಂಚಿನಲ್ಲಿದ್ದೇವೆ. ಚೀಟಿಗಳು ಡಬ್ಬಿಯೊಳಗೆ, ಡಬ್ಬಿ ಅಟ್ಟದ ಮೇಲೆ. ನಿನ್ನೆ ಕರೆಂಟ್ ಬಂದಾಗ ನೋಡಿದರೆ ಟೇಪಿನ ಒಂದು ಮೂಲೆ ಸ್ವಲ್ಪ ಎದ್ದಿತ್ತು. ಅದರ ಮೇಲೆ ಒಂದು ಬೆರಳಚ್ಚೂ ಇದೆ, ಅವಲಕ್ಕಿಯ ಎಣ್ಣೆ ಅಂಟಿದ್ದು. ಪೆನ್ಸಿಲ್ ಸೀಸ ಪುಡಿ ಮಾಡುತ್ತಿದ್ದೇನೆ.